ಯಂತ್ರಗಳ ಅಂಕಪಟ್ಟಿ ಮತ್ತು ಕಟ್ಟಡಗಳ ವಿದ್ಯುತ್ ಲೆಕ್ಕ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಇತಿಹಾಸವನ್ನೂ ಸಂಸ್ಥಾಪಕರ ಪರಿಶ್ರಮವನ್ನೂ ಕುರಿತು ಬರೆಯಲು ನನಗಿಂತ ಅರ್ಹರಾದವರಿದ್ದಾರೆ. ಸಂಪಾದಕ ಮಂಡಳಿಯವರು ನನ್ನಿಂದ ವಿಜ್ಞಾನ ವಿಷಯದ ಒಂದು ಲೇಖನವನ್ನು ಅಪೇಕ್ಷಿಸಿದರು. ನಮ್ಮಲ್ಲಿ ಕಲಿತು ಇಂದು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ಕಟ್ಟಡಗಳ ವಿನ್ಯಾಸದ ಉದ್ಯೋಗದಲ್ಲಿರುವ ಕೆಲವರು ಊರಿಗೆ ಬಂದಾಗ ತಮ್ಮ ಕೆಲಸವೇನೆಂದು ಮನೆಯ ಹಿರಿಯರಿಗೆ ತಿಳಿಯಹೇಳಲಾರದೆ ‘ಕಂಪ್ಯೂಟರ್ ಕೆಲಸ’ ಎಂದು ಮಾತು ಮುಗಿಸಿಬಿಡುತ್ತಾರೆ. ಆ ಕೆಲಸದಲ್ಲಿ ಒಂದು ಸಮಸ್ಯೆಯಿದೆ; ಅದು ನಮ್ಮ ಶಾಲೆಗಳ, ಆಸ್ಪತ್ರೆಗಳ, ಸಭಾಭವನಗಳ ತಿಂಗಳ ವಿದ್ಯುತ್ ಬಿಲ್ಲನ್ನು ಮುಟ್ಟುವಂಥದು. ಅದನ್ನು ಕನ್ನಡದಲ್ಲಿ ವಿವರಿಸುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ.

ಹಿಂದೆ ಕಟ್ಟಡವನ್ನು ಕಟ್ಟಿ ಮುಗಿಸಿದ ಮೇಲೆ ಅದು ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆಂಬುದು ತಿಳಿಯುತ್ತಿತ್ತು. ಇಂದು ದೊಡ್ಡ ಕಟ್ಟಡಗಳ ವಿಷಯದಲ್ಲಿ ಅಡಿಪಾಯ ತೋಡುವ ಮೊದಲೇ ಗಣಕಯಂತ್ರದಲ್ಲಿ ಅದಕ್ಕೆ ಒಂದು ವರ್ಷದ ಬಾಳನ್ನು ಬಾಳಿಸಿ ನೋಡುತ್ತಾರೆ. ವರ್ಷಕ್ಕೆ 8,760 ಗಂಟೆಗಳು. ಪ್ರತಿಯೊಂದು ಗಂಟೆಗೂ ಆ ಊರಿನ ಬಿಸಿಲು, ಗಾಳಿ, ಉಷ್ಣತೆ, ಆರ್ದ್ರತೆ ಎಷ್ಟೆಂಬ ದಾಖಲೆಯನ್ನು ಯಂತ್ರಕ್ಕೆ ಒದಗಿಸುತ್ತಾರೆ. ಗೋಡೆಯ ದಪ್ಪ, ಛಾವಣಿಯ ಬಗೆ, ಕಿಟಕಿಯ ಗಾಜು, ಒಳಗಿರುವ ಜನ, ಉರಿಯುವ ದೀಪಗಳು ಇವೆಲ್ಲವನ್ನೂ ತಿಳಿಸುತ್ತಾರೆ. ಒಳಗೆ ಎಷ್ಟು ಶಾಖ ಸೇರಿತು, ಅದನ್ನು ಹೊರಹಾಕಲು ಎಷ್ಟು ವಿದ್ಯುತ್ತು ಬೇಕಾಯಿತು ಎಂಬುದನ್ನು ಗಂಟೆ ಗಂಟೆಗೆ ಗುಣಿಸಿ ಕೂಡಿಸಿದರೆ ವರ್ಷದ ಬಿಲ್ಲು ಮುಂಚಿತವಾಗಿಯೇ ದೊರೆಯುತ್ತದೆ. ಇದನ್ನೇ ಎಂಜಿನಿಯರರು ಸಿಮ್ಯುಲೇಷನ್ ಎನ್ನುತ್ತಾರೆ.

1973ರಲ್ಲಿ ತೈಲದ ಬೆಲೆ ಏಕಾಏಕಿ ಏರಿದಾಗ ಪಾಶ್ಚಾತ್ಯ ದೇಶಗಳು ಈ ವಿದ್ಯೆಗೆ ಮನಸ್ಸುಕೊಟ್ಟವು. ಅಮೆರಿಕದಲ್ಲಿ ಸರ್ಕಾರದ ನೆರವಿನಿಂದ ‘ಡಿಓಇ-2’ ಮತ್ತು ‘ಬ್ಲಾಸ್ಟ್’ ಎಂಬ ಎರಡು ಗಣನಾ ಕ್ರಮಗಳು ಬೆಳೆದವು. ಅವೆರಡರ ಗುಣಗಳನ್ನು ಕೂಡಿಸಿ ರಚಿಸಿದ ‘ಎನರ್ಜಿಪ್ಲಸ್’ 2001ರಲ್ಲಿ ಹೊರಬಂದಿತು. ಅದನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯ ಮೇರೆಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. 2007ರಲ್ಲಿ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣೆಯ ಕಟ್ಟಡ ಸಂಹಿತೆಯೂ ಬಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಸಂಹಿತೆಯನ್ನು ಪಾಲಿಸಿದ್ದೇವೆಂದು ತೋರಿಸಲು ಅದರಲ್ಲಿರುವ ಮಾರ್ಗಗಳಲ್ಲಿ ಒಂದು, ಇಡೀ ಕಟ್ಟಡವನ್ನು ಹೀಗೆ ಗಣಕದಲ್ಲಿ ಲೆಕ್ಕಮಾಡಿ ಮಾದರಿ ಕಟ್ಟಡದೊಡನೆ ಹೋಲಿಸುವುದು. ಎಂದರೆ ಈ ಲೆಕ್ಕ ಕೇವಲ ಪಂಡಿತರ ವಿನೋದವಲ್ಲ, ಪರವಾನಗಿಯ ಕಾಗದಗಳಲ್ಲಿಯೂ ಸೇರುವಂಥದು.

ಈ ಲೆಕ್ಕದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕಟ್ಟಡದ್ದು. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಹಳೆಯ ವಾಡೆಗಳನ್ನೂ ಮಣ್ಣಿನ ಮಾಳಿಗೆಯ ಮನೆಗಳನ್ನೂ ಬಲ್ಲವರಿಗೆ, ದಪ್ಪ ಗೋಡೆ ಹಗಲಿನ ಶಾಖವನ್ನು ತಡೆದಿಟ್ಟುಕೊಂಡು ರಾತ್ರಿಯ ಹೊತ್ತಿಗೆ ಒಳಗೆ ಬಿಡುತ್ತದೆಂಬುದೂ, ಪತ್ರಾಸಿನ ಮನೆಗೆ ಆ ತಾಳ್ಮೆ ಇಲ್ಲವೆಂಬುದೂ ಹೊಸದಾಗಿ ತಿಳಿಯಬೇಕಾದ ಸಂಗತಿಯಲ್ಲ. ಇಟ್ಟಿಗೆ, ಕಲ್ಲು, ಕಾಂಕ್ರೀಟುಗಳ ಮೂಲಕ ಶಾಖ ಹರಿಯುವ ನಿಯಮಗಳು ಬಹುಕಾಲದಿಂದ ತಿಳಿದಿವೆ. ಆ ಭಾಗದ ಲೆಕ್ಕವನ್ನು ಸಾಕಷ್ಟು ನಂಬಬಹುದು. ತೊಡಕಿರುವುದು ಎರಡನೆಯ ಭಾಗದಲ್ಲಿ, ಅಂದರೆ ಶಾಖವನ್ನು ಹೊರಹಾಕುವ ಯಂತ್ರದಲ್ಲಿ.

ಹವಾನಿಯಂತ್ರಣ ಯಂತ್ರವನ್ನು ಕೊಳ್ಳಲು ಹೋದಾಗ ಅಂಗಡಿಯವರು ‘ಒಂದೂವರೆ ಟನ್ನು’ ಎನ್ನುತ್ತಾರೆ. ಇದು ಯಂತ್ರದ ತೂಕವೆಂದು ತಿಳಿದವರೂ ಉಂಟು. ಯಂತ್ರಗಳು ಬರುವ ಮೊದಲು ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ ಇದು. ಅಮೆರಿಕದ ಒಂದು ಟನ್ನು, ಅಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಲು ಹೀರಿಕೊಳ್ಳುವ ಶಾಖದ ಪ್ರಮಾಣವೇ ಒಂದು ಟನ್ನು. ಇಂದಿನ ಮಾನದಲ್ಲಿ ಅದು 3.517 ಕಿಲೋವಾಟ್. ಒಂದೂವರೆ ಟನ್ನಿನ ಯಂತ್ರವೆಂದರೆ ಕೋಣೆಯಿಂದ ಸುಮಾರು 5.3 ಕಿಲೋವಾಟ್ ಶಾಖವನ್ನು ಹೊರಗೆ ಸಾಗಿಸಬಲ್ಲದು.

ಆದರೆ ಯಾವಾಗ? ಪ್ರಶ್ನೆ ಇರುವುದು ಇಲ್ಲಿಯೇ. ಅಂತರರಾಷ್ಟ್ರೀಯ ಮಾನಕದ ಸಾಮಾನ್ಯ ಪರೀಕ್ಷೆಯಲ್ಲಿ ಕೋಣೆಯ ಉಷ್ಣತೆ 27 ಡಿಗ್ರಿ, ಹೊರಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಯಂತ್ರದ ಮೇಲೆ ಅಚ್ಚಾಗುವ ಅಂಕಿ ಆ ಸ್ಥಿತಿಯದು. ಮೇ ತಿಂಗಳ ಮಧ್ಯಾಹ್ನ ನಮ್ಮ ಸೊಲ್ಲಾಪುರದಲ್ಲಿ ಉಷ್ಣತೆ 42, 43 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಆಗ ಅದೇ ಯಂತ್ರ ಅಷ್ಟು ಶಾಖವನ್ನು ಸಾಗಿಸಲಾರದು. ಸಾಗಿಸುವಷ್ಟಕ್ಕೂ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಕಾರಣ ಸರಳವಾದುದು. ಬಾವಿಯ ನೀರು ಕೆಳಗಿಳಿದಷ್ಟೂ ಒಂದು ಕೊಡ ಸೇದಲು ಹೆಚ್ಚು ಬಲ ಬೇಕು, ಅಷ್ಟೇ ಹೊತ್ತಿನಲ್ಲಿ ದೊರೆಯುವ ಕೊಡಗಳೂ ಕಡಿಮೆ. ಹವಾನಿಯಂತ್ರಣವೂ ಶಾಖವನ್ನು ತಂಪಾದ ಸ್ಥಳದಿಂದ ಬಿಸಿಯಾದ ಸ್ಥಳಕ್ಕೆ ಸೇದಿಹಾಕುವ ಕೆಲಸ. ಹೊರಗೆ ಬಿಸಿ ಹೆಚ್ಚಿದಂತೆ ಕಂಪ್ರೆಸರ್ ತನ್ನೊಳಗಿನ ಶೀತಕ ಅನಿಲವನ್ನು ಇನ್ನೂ ಹೆಚ್ಚಿನ ಒತ್ತಡಕ್ಕೆ ಏರಿಸಬೇಕಾಗುತ್ತದೆ.

ಎರಡು ಯಂತ್ರಗಳನ್ನು ಊಹಿಸಿಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ನಾನು ಕಲ್ಪಿಸಿದವು. 35 ಡಿಗ್ರಿಯಲ್ಲಿ ಎರಡೂ 1.5 ಕಿಲೋವಾಟ್ ವಿದ್ಯುತ್ತಿಗೆ 5.2 ಕಿಲೋವಾಟ್ ಶಾಖವನ್ನು ಸಾಗಿಸುತ್ತವೆ. ಅಂದರೆ ಒಂದು ಯುನಿಟ್ ವಿದ್ಯುತ್ತಿಗೆ ಸುಮಾರು 3.5 ಯುನಿಟ್ ಶಾಖ. ಅಂಗಡಿಯಲ್ಲಿ ಎರಡಕ್ಕೂ ಭೇದವಿಲ್ಲ. ಈಗ 43 ಡಿಗ್ರಿಯಲ್ಲಿ ಮೊದಲನೆಯದು 1.75 ಕಿಲೋವಾಟ್ ವಿದ್ಯುತ್ತಿಗೆ 4.8 ಕಿಲೋವಾಟ್ ಶಾಖವನ್ನೂ, ಎರಡನೆಯದು 1.9 ಕಿಲೋವಾಟ್ ವಿದ್ಯುತ್ತಿಗೆ 4.3 ಕಿಲೋವಾಟ್ ಶಾಖವನ್ನೂ ಸಾಗಿಸುತ್ತವೆಂದು ಇಟ್ಟುಕೊಳ್ಳಿ. ಮೊದಲನೆಯದು ಯುನಿಟ್ಟಿಗೆ 2.7ರಷ್ಟು ಉಳಿಸಿಕೊಂಡಿತು, ಎರಡನೆಯದು 2.3ಕ್ಕೆ ಇಳಿಯಿತು. ಒಂದೇ ಅಂಕ ಪಡೆದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನು ಕಠಿಣ ಪ್ರಶ್ನೆ ಬಂದೊಡನೆ ಕೈಬಿಡುವುದನ್ನು ಉಪಾಧ್ಯಾಯರೆಲ್ಲ ಕಂಡಿರುತ್ತಾರೆ. ಒಂದು ಪ್ರಶ್ನೆಪತ್ರಿಕೆಯ ಒಂದೇ ಅಂಕದಿಂದ ಆ ಭೇದ ತಿಳಿಯದು.

ಇಷ್ಟೇ ಅಲ್ಲ. ಕೋಣೆಯಲ್ಲಿ ಜನ ಕಡಿಮೆಯಿದ್ದಾಗ ಯಂತ್ರಕ್ಕೆ ಅರ್ಧ ಕೆಲಸ, ಬೆಳಗಿನ ಹೊತ್ತು ಕಾಲು ಕೆಲಸ. ಪೂರ್ಣ ಕೆಲಸದಲ್ಲಿ ಚೆನ್ನಾಗಿರುವ ಯಂತ್ರ ಅರ್ಧ ಕೆಲಸದಲ್ಲಿಯೂ ಚೆನ್ನಾಗಿರಬೇಕೆಂಬ ನಿಯಮವಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ನೀರನ್ನು ತಂಪುಮಾಡಿ ಕೊಳವೆಗಳಲ್ಲಿ ಹರಿಸುವ ಚಿಲ್ಲರ್ ಎಂಬ ಯಂತ್ರಕ್ಕಂತೂ ಹೊರಹೋಗುವ ತಣ್ಣೀರಿನ ಉಷ್ಣತೆ, ಆ ನೀರಿನ ಹರಿವು, ಕೂಲಿಂಗ್ ಟವರಿನಿಂದ ಬರುವ ನೀರಿನ ಉಷ್ಣತೆ, ಅದರ ಹರಿವು, ಕಂಪ್ರೆಸರ್ ಯಾವ ಹಂತದಲ್ಲಿ ಓಡುತ್ತಿದೆ ಎಂಬುದು, ಹೀಗೆ ಐದು ಸಂಗತಿಗಳಿಗೆ ತಕ್ಕಂತೆ ಫಲ ಬದಲಾಗುತ್ತದೆ. ಯಂತ್ರದ ನಿಜವಾದ ಪರಿಚಯ ಒಂದು ಅಂಕಿಯಲ್ಲ, ಒಂದು ದೊಡ್ಡ ಕೋಷ್ಟಕ.

ಆ ಕೋಷ್ಟಕ ಗಣನೆ ಮಾಡುವ ಎಂಜಿನಿಯರರ ಕೈಗೆ ಹೇಗೆ ಬರುತ್ತದೆ? ಬಹುಕಾಲ ನಡೆದುಬಂದ ಪದ್ಧತಿ ಹೀಗಿದೆ. ತಯಾರಕರು ತಮ್ಮ ತಮ್ಮ ಇಚ್ಛೆಯ ರೂಪದಲ್ಲಿ ಕ್ಯಾಟಲಾಗು ಅಚ್ಚುಮಾಡುತ್ತಾರೆ. ಒಬ್ಬರದು ಫ್ಯಾರನ್‌ಹೀಟಿನಲ್ಲಿ, ಇನ್ನೊಬ್ಬರದು ಸೆಲ್ಸಿಯಸ್ಸಿನಲ್ಲಿ. ಒಬ್ಬರು ದಕ್ಷತೆಯನ್ನು 3 ಎಂದು ಬರೆದರೆ ಬ್ರಿಟಿಷ್ ಮಾನದಲ್ಲಿ ಅದೇ ಯಂತ್ರದ ದಕ್ಷತೆ 10.2 ಆಗುತ್ತದೆ. ಚಿಲ್ಲರ್‌ಗಳನ್ನು ಮಾರುವವರು ‘ಟನ್ನಿಗೆ ಎಷ್ಟು ಕಿಲೋವಾಟ್’ ಎಂದು ತಿರುವುಮುರುವಾಗಿ ಹೇಳುತ್ತಾರೆ; ಅಲ್ಲಿ ಅಂಕಿ ಚಿಕ್ಕದಾದಷ್ಟೂ ಯಂತ್ರ ಒಳ್ಳೆಯದು. ಟನ್ನಿಗೆ 0.6 ಕಿಲೋವಾಟ್ ಎಂದರೆ ದಕ್ಷತೆ ಸುಮಾರು 5.86. ಮಾನಗಳ ಭೇದವನ್ನಾದರೂ ಗುಣಾಕಾರದಿಂದ ಸರಿಪಡಿಸಬಹುದು. ಅರ್ಥದ ಭೇದ ಅದಕ್ಕಿಂತ ಕೆಟ್ಟದು. ಯಂತ್ರದೊಳಗಿನ ಫ್ಯಾನಿನ ಮೋಟಾರು ತಾನೂ ಸ್ವಲ್ಪ ಶಾಖವನ್ನು ಕೋಣೆಗೆ ಸೇರಿಸುತ್ತದೆ. ತಂಪಿನ ಪ್ರಮಾಣದಿಂದ ಅದನ್ನು ಕಳೆದು ಬರೆದಿದ್ದಾರೆಯೇ, ಕಳೆಯದೆ ಬರೆದಿದ್ದಾರೆಯೇ? ವಿದ್ಯುತ್ತಿನ ಲೆಕ್ಕದಲ್ಲಿ ಫ್ಯಾನಿನದೂ ಸೇರಿದೆಯೇ? ಕ್ಯಾಟಲಾಗಿನ ಅಡಿಟಿಪ್ಪಣಿಯಲ್ಲಿ ಇದ್ದರೆ ಪುಣ್ಯ.

ಗಡಿಯಲ್ಲಿ ಬಾಳುವ ನಮಗೆ ಇಂಥ ತೊಡಕು ಅಪರಿಚಿತವಲ್ಲ. ಕರ್ನಾಟಕದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಮೊತ್ತ 625, ಮಹಾರಾಷ್ಟ್ರದ ಎಸ್.ಎಸ್.ಸಿ.ಯ ಮೊತ್ತ ಬೇರೆ, ವಿಷಯಗಳ ಹಂಚಿಕೆ ಬೇರೆ. ಇತ್ತಣ ಹುಡುಗನು ಅತ್ತ ಕಾಲೇಜಿಗೆ ಹೋದಾಗ ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಪಟ್ಟಿಯನ್ನು ತಿರುವಿ ನೋಡುವುದನ್ನು ನಮ್ಮ ಪಾಲಕರು ಬಲ್ಲರು. ಇನ್ನೂ ಹಿಂದಿನದನ್ನು ನೆನೆದರೆ, 1958ರ ಅಕ್ಟೋಬರ್‌ನಲ್ಲಿ ಮೆಟ್ರಿಕ್ ತೂಕಗಳು ಜಾರಿಗೆ ಬರುವ ಮುನ್ನ ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗೆ ಸರಿಹೋಗುತ್ತಿರಲಿಲ್ಲ. ಜೋಳವನ್ನು ಅಳೆದವನೂ ಸುಳ್ಳುಗಾರನಲ್ಲ, ಕೊಂಡವನೂ ಸುಳ್ಳುಗಾರನಲ್ಲ. ಆದರೂ ಲೆಕ್ಕ ತಾಳೆಯಾಗದು.

ಎಂಜಿನಿಯರರು ಇದಕ್ಕೆ ಒಂದು ಉಪಾಯವನ್ನು ಮಾಡಿಕೊಂಡರು. ಕ್ಯಾಟಲಾಗಿನ ಕೆಲವು ಬಿಂದುಗಳನ್ನು ತೆಗೆದುಕೊಂಡು ಅವುಗಳ ಮೂಲಕ ಹಾಯುವ ಒಂದು ವಕ್ರರೇಖೆಯ ಸೂತ್ರವನ್ನು ಕಟ್ಟುವುದು. ಎರಡು ಉಷ್ಣತೆಗಳ ಮೇಲೆ ಅವಲಂಬಿಸಿದ ವರ್ಗಸಮೀಕರಣದಂಥ ಈ ಸೂತ್ರದಲ್ಲಿ ಆರು ಗುಣಾಂಕಗಳಿರುತ್ತವೆ. ದೊಡ್ಡ ಕೋಷ್ಟಕಕ್ಕೆ ಬದಲು ಆರು ಅಂಕಿಗಳು ಸಾಕು. ಗಣಕಗಳ ಸ್ಮರಣಶಕ್ತಿ ಅಲ್ಪವಾಗಿದ್ದ 1970ರ ದಶಕದಲ್ಲಿ ಇದು ಜಾಣತನವೇ ಆಗಿತ್ತು. ಆದರೆ ಇದರಲ್ಲಿ ಎರಡು ಅಪಾಯಗಳಿವೆ. ಕೊಟ್ಟ ಬಿಂದುಗಳು 25ರಿಂದ 40 ಡಿಗ್ರಿಯವರೆಗೆ ಇದ್ದು, ಪ್ರಶ್ನೆ 44 ಡಿಗ್ರಿಯದಾದರೆ ಸೂತ್ರ ಮೌನವಾಗಿರುವುದಿಲ್ಲ. ಏನೋ ಒಂದು ಉತ್ತರವನ್ನು ಧೈರ್ಯವಾಗಿ ಹೇಳಿಬಿಡುತ್ತದೆ! ಎರಡನೆಯದಾಗಿ, ನಿಮ್ಮ ಯಂತ್ರದ ಅಂಕಿಗಳು ದೊರೆಯದಿದ್ದರೆ ಗಣನಾ ಕ್ರಮದ ಭಂಡಾರದಲ್ಲಿ ಮೊದಲೇ ಇರುವ ಬೇರೆ ಯಾವುದೋ ಯಂತ್ರದ ವಕ್ರರೇಖೆಯನ್ನು ಎತ್ತಿ ಹಾಕುವ ಅಭ್ಯಾಸ. ಊರಿನ ಬಿಸಿಲು ನಮ್ಮದು, ಗೋಡೆ ನಮ್ಮದು, ಯಂತ್ರದ ಸ್ವಭಾವ ಮಾತ್ರ ಬೇರೆಯವರದು. ಹೀಗೆ ಬಂದ ವಾರ್ಷಿಕ ಅಂದಾಜನ್ನು ದಶಮಾಂಶ ಸಹಿತ ಅಚ್ಚುಮಾಡಿ ಧರ್ಮದರ್ಶಿಗಳ ಮುಂದಿಟ್ಟರೆ ಅದು ಅಂದಾಜೆಂಬುದೇ ಮರೆತುಹೋಗುತ್ತದೆ. ಇದರಿಂದ ನಷ್ಟಪಡುವವರಲ್ಲಿ ಒಳ್ಳೆಯ ಯಂತ್ರದ ತಯಾರಕರೂ ಇದ್ದಾರೆ. ಅವರ ಯಂತ್ರ ಬಿಸಿಲಲ್ಲಿ ತೋರುವ ಗುಣ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಅಮೆರಿಕದ ಹವಾನಿಯಂತ್ರಣ ಎಂಜಿನಿಯರರ ಸಂಘವಾದ ‘ಆಶ್ರೇ’ ಈ ಗೊಂದಲವನ್ನು ನೀಗಿಸಲು ಹಲವು ವರ್ಷ ಶ್ರಮಿಸಿ 2023ರಲ್ಲಿ 205ನೆಯ ಸಂಖ್ಯೆಯ ಮಾನಕವನ್ನು ಪ್ರಕಟಿಸಿತು. ಸಂಘದ ಮೂಲ 1894ರಷ್ಟು ಹಳೆಯದು. ಹತ್ತಿಯ ಗಿರಣಿಗಳನ್ನು ಕಂಡ ಸೊಲ್ಲಾಪುರದವರಿಗೆ ಇಲ್ಲಿ ಒಂದು ಮಾತನ್ನು ತಿಳಿಸಬಹುದು. ‘ಏರ್ ಕಂಡೀಷನಿಂಗ್’ ಎಂಬ ಪದವನ್ನು 1906ರಲ್ಲಿ ಬಳಕೆಗೆ ತಂದ ಸ್ಟುವರ್ಟ್ ಕ್ರೇಮರ್ ಎಂಬವರು ಗಿರಣಿಗಳ ಎಂಜಿನಿಯರರು. ಗಾಳಿ ಒಣಗಿದರೆ ನೂಲು ಹರಿಯುತ್ತದೆಂದು ಗಾಳಿಯ ತೇವವನ್ನು ಹದದಲ್ಲಿಡುವುದು ಅವರ ಕೆಲಸವಾಗಿತ್ತು. ಜನರ ಸುಖಕ್ಕಿಂತ ಮೊದಲು ನೂಲಿನ ಸುಖವನ್ನು ನೋಡಿದ ವಿದ್ಯೆ ಇದು.

205ನೆಯ ಮಾನಕ ಹೇಳುವುದೇನು? ಯಂತ್ರ ಹೇಗಿರಬೇಕೆಂದಾಗಲಿ, ಅದನ್ನು ಹೇಗೆ ಪರೀಕ್ಷಿಸಬೇಕೆಂದಾಗಲಿ ಅದು ಹೇಳುವುದಿಲ್ಲ. ಯಂತ್ರದ ಗುಣಗಳನ್ನು ಬರೆದಿಡುವ ರೂಪ ಒಂದೇ ಆಗಿರಬೇಕೆಂದು ಹೇಳುತ್ತದೆ. ಪ್ರತಿಯೊಂದು ಜಾತಿಯ ಯಂತ್ರಕ್ಕೂ ಒಂದು ನಮೂನೆ ನಿಗದಿಯಾಗಿದೆ. ಯಾವ ಯಾವ ಸಂಗತಿಗಳನ್ನು ಕೊಡಬೇಕು, ಪ್ರತಿಯೊಂದರ ಹೆಸರೇನು, ಆ ಹೆಸರಿನಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಅಲ್ಲಿ ಕಟ್ಟುನಿಟ್ಟಾಗಿ ವಿವರಿಸಲಾಗಿದೆ. ಮಾನಗಳೆಲ್ಲ ಅಂತರರಾಷ್ಟ್ರೀಯ ಪದ್ಧತಿಯವು. ಟನ್ನೂ ಇಲ್ಲ, ಫ್ಯಾರನ್‌ಹೀಟೂ ಇಲ್ಲ. ಪ್ರತಿಯೊಂದು ಕಡತಕ್ಕೂ ಅದರದೇ ಆದ ಗುರುತಿನ ಸಂಖ್ಯೆಯುಂಟು. ಹಾಜರಿ ಸಂಖ್ಯೆಯಿಲ್ಲದ ಉತ್ತರಪತ್ರಿಕೆಗೆ ಬೆಲೆಯಿಲ್ಲವಷ್ಟೆ.

ಅಂಕಿಗಳನ್ನು ಇಡುವ ಕ್ರಮ ನನ್ನ ವಯಸ್ಸಿನವರಿಗೆ ಬೇಗ ತಿಳಿಯುತ್ತದೆ. ನಾವು ಓದುವಾಗ ಗುಣಾಕಾರಕ್ಕೆ ಲಾಗರಿದಮ್ ಪುಸ್ತಕವನ್ನು ಬಳಸುತ್ತಿದ್ದೆವು. ಎಡಗಡೆಯ ಕಂಬಸಾಲಿನಲ್ಲಿ ಒಂದು ಸಂಖ್ಯೆ, ಮೇಲಿನ ಸಾಲಿನಲ್ಲಿ ಇನ್ನೊಂದು, ಅವು ಕೂಡುವ ಮನೆಯಲ್ಲಿ ಉತ್ತರ. ನಮ್ಮ ಸಂಖ್ಯೆ ಎರಡು ಮನೆಗಳ ನಡುವೆ ಬಿದ್ದರೆ ಅಂತರವನ್ನು ನೋಡಿ ಕೂಡಿಸಿಕೊಳ್ಳುವುದು. 205ರ ನಮೂನೆಯೂ ಅದೇ. ವಕ್ರರೇಖೆಯ ಸೂತ್ರದ ಬದಲು ನೇರವಾಗಿ ಮನೆಗಳ ಕೋಷ್ಟಕ. ಪುಸ್ತಕದಲ್ಲಿ ಎರಡೇ ದಿಕ್ಕುಗಳಿದ್ದರೆ ಚಿಲ್ಲರ್‌ನ ಕೋಷ್ಟಕಕ್ಕೆ ಮೇಲೆ ಹೇಳಿದ ಐದು ದಿಕ್ಕುಗಳು. ಒಂದೊಂದು ದಿಕ್ಕಿಗೆ ಐದೈದು ಬೆಲೆಗಳನ್ನು ಇಟ್ಟರೂ 3,125 ಮನೆಗಳಾಗುತ್ತವೆ. ಪ್ರತಿ ಮನೆಯಲ್ಲಿಯೂ ವಿದ್ಯುತ್ತೆಷ್ಟು, ತಂಪೆಷ್ಟು ಎಂಬ ಹಲವು ಉತ್ತರಗಳು. ಇದನ್ನು ಕೈಯಿಂದ ಬರೆಯುವವರೂ ಇಲ್ಲ, ಓದುವವರೂ ಇಲ್ಲ. ತಯಾರಕರ ಗಣಕದಿಂದ ಎಂಜಿನಿಯರರ ಗಣಕಕ್ಕೆ ಕಡತ ನೇರವಾಗಿ ಹೋಗುತ್ತದೆ. ನಡುವೆ ನಕಲು ಮಾಡುವವರ ಕೈ ತಪ್ಪುವುದಿಲ್ಲ. ಎನರ್ಜಿಪ್ಲಸ್‌ನಲ್ಲಿ ಇಂಥ ಚಿಲ್ಲರ್ ಕಡತವನ್ನು ಓದುವ ಏರ್ಪಾಡೂ ಆಗಿದೆ. ಕೋಷ್ಟಕದ ಇನ್ನೊಂದು ಗುಣವೆಂದರೆ ಅದರ ಅಂಚು ಎಲ್ಲಿದೆಯೆಂಬುದು ಕಣ್ಣಿಗೆ ಕಾಣುತ್ತದೆ. 40 ಡಿಗ್ರಿಗೆ ಕೋಷ್ಟಕ ಮುಗಿದಿದ್ದರೆ ಮುಗಿದಿದೆ.

ಈ ಮಾನಕವನ್ನು ಕುರಿತು ಅತಿಯಾದ ನಿರೀಕ್ಷೆ ಸಲ್ಲದು. ನಮೂನೆ ಒಂದೇ ಆದ ಮಾತ್ರಕ್ಕೆ ಅದರಲ್ಲಿ ತುಂಬಿದ ಅಂಕಿ ಸತ್ಯವಾಗುವುದಿಲ್ಲ. ಸುಂದರವಾಗಿ ಅಚ್ಚಾದ ಅಂಕಪಟ್ಟಿಯಲ್ಲಿಯೂ ತಪ್ಪು ಅಂಕ ಇರಬಹುದು. ಸತ್ಯವನ್ನು ಪರೀಕ್ಷಾಲಯವೇ ಹೇಳಬೇಕು. ಗಣನಾ ಕ್ರಮಗಳ ಯೋಗ್ಯತೆಯೂ ಬೇರೆ ಪ್ರಶ್ನೆ. ಒಂದೇ ಕಟ್ಟಡದ ಸಮಸ್ಯೆಯನ್ನು ಬೇರೆ ಬೇರೆ ಕ್ರಮಗಳಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುವ ಪದ್ಧತಿ 1995ರಿಂದಲೂ ಇದ್ದು, ಅದಕ್ಕೆ ಆಶ್ರೇಯ 140ನೆಯ ಮಾನಕವುಂಟು. ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಪರೀಕ್ಷಕರಿಗೆ ಕೊಟ್ಟು ನೋಡುವಂಥ ಕ್ರಮವಿದು. ಇನ್ನು ಧೂಳು ಹಿಡಿದ ಯಂತ್ರ, ಏರಿಳಿಯುವ ವೋಲ್ಟೇಜು ಯಾವ ಕೋಷ್ಟಕದಲ್ಲಿಯೂ ಇರುವುದಿಲ್ಲ. ತಮ್ಮ ಯಂತ್ರದ ಸಮಗ್ರ ಕೋಷ್ಟಕವನ್ನು ಬಹಿರಂಗಪಡಿಸಿದರೆ ಪ್ರತಿಸ್ಪರ್ಧಿಗಳಿಗೆ ಗುಟ್ಟು ಕೊಟ್ಟಂತಾಗುವುದೆಂದು ತಯಾರಕರು ಅಂಜುವುದೂ ಸಹಜ. ಸಾರ್ವಜನಿಕರ ದೇಣಿಗೆಯಿಂದಲೋ ಸರ್ಕಾರದ ಹಣದಿಂದಲೋ ಕೊಳ್ಳುವ ದೊಡ್ಡ ಯಂತ್ರಗಳ ವಿಷಯದಲ್ಲಾದರೂ ಆ ಅಂಜಿಕೆಗೆ ಮಣಿಯಬಾರದೆಂದು ನನ್ನ ಅಭಿಪ್ರಾಯ. ಯಂತ್ರದ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಬಿಲ್ಲನ್ನು ಅದು ಓಡುವವರೆಗೂ ಕೊಡಬೇಕು.

ಮನೆಗಳ ಮಟ್ಟಿಗೆ ಇಷ್ಟು ಸೂಕ್ಷ್ಮ ಲೆಕ್ಕ ಬೇಕಿಲ್ಲ. ನಕ್ಷತ್ರಗಳ ಗುರುತಿನ ಚೀಟಿ ಸಾಕಷ್ಟು ನೆರವಾಗುತ್ತದೆ. 2018ರಿಂದ ಆ ಚೀಟಿಯಲ್ಲಿ ಐ.ಎಸ್.ಇ.ಇ.ಆರ್. ಎಂಬ ಅಂಕಿಯನ್ನು ಕಡ್ಡಾಯಗೊಳಿಸಲಾಗಿದೆ. ಇದು ಕೇವಲ 35 ಡಿಗ್ರಿಯ ದಕ್ಷತೆಯಲ್ಲ. 24ರಿಂದ 43 ಡಿಗ್ರಿಯವರೆಗಿನ ಉಷ್ಣತೆಗಳಲ್ಲಿ ವರ್ಷಕ್ಕೆ 1,600 ಗಂಟೆ ಓಡುವುದೆಂದು ಇಟ್ಟುಕೊಂಡು ತೆಗೆದ ಸರಾಸರಿ. ಆದರೆ ಇಡೀ ದೇಶಕ್ಕೆ ಒಂದೇ ಸರಾಸರಿ. ಕಾಸರಗೋಡಿನ ತೇವದ ಗಾಳಿಗೂ ನಮ್ಮ ಒಣ ಬಿಸಿಲಿಗೂ ಅದೇ ಅಂಕಿ. ನಮ್ಮ ಮೇ ತಿಂಗಳು ಆ ಪಟ್ಟಿಯ ಕೊನೆಯ ಮೆಟ್ಟಿಲಿನಲ್ಲಿದೆ. ಆದುದರಿಂದ ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸಿದ ಮೇಲೆ, 43 ಡಿಗ್ರಿಯಲ್ಲಿ ಈ ಯಂತ್ರದ ತಂಪು ಎಷ್ಟು, ವಿದ್ಯುತ್ತೆಷ್ಟು ಎಂದು ಲಿಖಿತವಾಗಿ ಕೇಳುವುದು ಒಳ್ಳೆಯದು. ಸಭಾಭವನ ಕಟ್ಟಿಸುವ ಸಂಸ್ಥೆಯವರು ತಮ್ಮ ಎಂಜಿನಿಯರರನ್ನು ಇನ್ನೊಂದು ಪ್ರಶ್ನೆ ಕೇಳಬೇಕು: ಈ ಲೆಕ್ಕದಲ್ಲಿ ಹಾಕಿರುವುದು ನಾವು ಕೊಳ್ಳಲಿರುವ ಯಂತ್ರದ ಅಂಕಿಗಳೇ, ಭಂಡಾರದಿಂದ ತೆಗೆದ ಅಂಕಿಗಳೇ?

205ನೆಯ ಮಾನಕದ 2023ರ ಆವೃತ್ತಿಯಲ್ಲಿ ಏಳು ನಮೂನೆಗಳಿವೆ. ನೀರಿನಿಂದ ತಂಪಾಗುವ ಚಿಲ್ಲರ್, ಒಂದೇ ಪೆಟ್ಟಿಗೆಯ ಹವಾನಿಯಂತ್ರಣ ಯಂತ್ರ, ಅದರೊಳಗಿನ ಶೀತಕ ವ್ಯವಸ್ಥೆ, ಫ್ಯಾನು, ಮೋಟಾರು ಮತ್ತು ಎರಡು ಬಗೆಯ ಡ್ರೈವ್ ಸಾಧನಗಳು. ನಮ್ಮ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಮನೆ ಮನೆಯ ಕಿಟಕಿಯಲ್ಲಿ ಗುಂಯ್ಗುಡುವ, ಹುಲ್ಲಿನ ತಟ್ಟಿಗೆ ನೀರು ಸುರಿದುಕೊಳ್ಳುವ ಕೂಲರಿಗೆ ಅದರಲ್ಲಿ ಇನ್ನೂ ನಮೂನೆಯಿಲ್ಲ. ಒಣ ಗಾಳಿಯಲ್ಲಿ ನೀರು ಆವಿಯಾಗುವಾಗ ಶಾಖವನ್ನು ಹೀರುವುದೇ ಅದರ ತತ್ತ್ವ. ಆದ್ದರಿಂದ ಅದರ ಫಲ ಹೊರಗಿನ ಬಿಸಿಗಿಂತ ಹೆಚ್ಚಾಗಿ ಗಾಳಿಯ ತೇವವನ್ನು ಅವಲಂಬಿಸಿದೆ. ಮೇ ತಿಂಗಳಲ್ಲಿ ಚೆನ್ನಾಗಿ ತಂಪು ಕೊಟ್ಟ ಕೂಲರು ಮೊದಲ ಮಳೆ ಬಿದ್ದ ವಾರದಲ್ಲಿಯೇ ಸೋಲುವುದು ಇದರಿಂದಲೇ. ಅದಕ್ಕೂ ಒಂದು ಕೋಷ್ಟಕವನ್ನು ಸಿದ್ಧಪಡಿಸುವುದು ಕಠಿಣವಲ್ಲ. ಒಣ ಉಷ್ಣತೆ, ತೇವದ ಬಟ್ಟೆ ಸುತ್ತಿದ ಉಷ್ಣತಾಮಾಪಕ ತೋರುವ ಉಷ್ಣತೆ, ಗಾಳಿಯ ಹರಿವು ಈ ಮೂರು ದಿಕ್ಕುಗಳು ಸಾಕು. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳುವುದಾದರೆ, ಎರಡು ಉಷ್ಣತಾಮಾಪಕಗಳು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿಯೇ ದೊರೆಯುತ್ತವೆ.